ಮರೆವಿನ ಮನೆಯಲ್ಲಿ ಉಳಿದ ಹಾಡು

2021ರ ಆಗಸ್ಟ್ 3. ನ್ಯೂಯಾರ್ಕಿನ ರೇಡಿಯೋ ಸಿಟಿ ಸಭಾಂಗಣದಲ್ಲಿ ಹಾಡಲು ಬಂದ ಖ್ಯಾತ ಗಾಯಕ ಟೋನಿ ಬೆನೆಟ್ ಅವರಿಗೆ ಅಂದೇ 95 ತುಂಬಿತ್ತು. ಐದು ವರ್ಷಗಳ ಹಿಂದೆ ಅವರಿಗೆ ಆಲ್ಝೈಮರ್ ಕಾಯಿಲೆ ಇರುವುದು ಪತ್ತೆಯಾಗಿತ್ತು. ಜೊತೆಯಲ್ಲಿ ಹಾಡುವ ಲೇಡಿ ಗಾಗಾ ಅವರ ಹೆಸರು ಬಹಳ ದಿನಗಳಿಂದ ಬೆನೆಟ್ ಬಾಯಲ್ಲಿ ಬಂದಿರಲಿಲ್ಲ. ಕಂಡಾಗಲೆಲ್ಲ ‘ಸ್ವೀಟ್‌ಹಾರ್ಟ್’ ಎಂದು ಕರೆದು ಸುಮ್ಮನಾಗುತ್ತಿದ್ದರು. ವಾದ್ಯಗಳು ನುಡಿದದ್ದೇ ತಡ, ಮುದುಕರು ಎದ್ದು ನಿಂತು ಒಂದರ ಹಿಂದೊಂದು ಹಾಡು ಹಾಡಿದರು. ಗಾಗಾ ವೇದಿಕೆಗೆ ಬಂದಾಗ ಬೆರಗಿನಿಂದ ಅವರ ಹೆಸರು ಹಿಡಿದು ಕರೆದರು. ಆದರೆ ಕಛೇರಿ ಮುಗಿದ ಮೇಲೆ, ತಾವು ಹಾಡಿದ್ದೇ ಅವರ ನೆನಪಿನಲ್ಲಿ ಉಳಿಯಲಿಲ್ಲ. 2023ರ ಜುಲೈನಲ್ಲಿ ಅವರು ತೀರಿಕೊಂಡರು.

ಕಛೇರಿ ಮರೆತುಹೋಯಿತು, ಹಾಡು ಮರೆಯಲಿಲ್ಲ. ಇದು ಹೇಗೆ? ಈ ಒಗಟಿನ ಬೆನ್ನು ಹತ್ತಿದವರ ಕಥೆ ಸ್ವಾರಸ್ಯವಾಗಿದೆ. ದೊಡ್ಡ ಪಂಡಿತರು ಎಡವಿದ ಕಡೆ ದಾದಿಯರೂ ಗಿಟಾರ್ ಹಿಡಿದ ಹುಡುಗಿಯರೂ ದಾರಿ ಕಂಡುಕೊಂಡ ಕಥೆ ಅದು.

‘ಅರವತ್ತಕ್ಕೆ ಅರಳುಮರಳು’ ಎಂಬ ಗಾದೆ ನಮ್ಮಲ್ಲಿದೆ. ವಯಸ್ಸಾದ ಮೇಲೆ ಬುದ್ಧಿ ಮಂಕಾಗುವುದು ಸಹಜ, ಅದಕ್ಕೆ ಮದ್ದಿಲ್ಲ ಎಂಬ ಭಾವನೆ ಯುರೋಪಿನಲ್ಲೂ ಇತ್ತು. ಮನೆಯವರ ಕೈಮೀರಿದ ವೃದ್ಧರಲ್ಲಿ ಅನೇಕರು ಹತ್ತೊಂಬತ್ತನೆಯ ಶತಮಾನದಲ್ಲಿ ಹುಚ್ಚಾಸ್ಪತ್ರೆಗಳನ್ನು ಸೇರುತ್ತಿದ್ದರು. ಈ ಆಸ್ಪತ್ರೆಗಳಲ್ಲಿ ಸಂಗೀತವೇನೂ ಹೊಸದಾಗಿರಲಿಲ್ಲ. ಇಂಗ್ಲೆಂಡಿನ ವೂಸ್ಟರ್ ಬಳಿಯ ಪೋವಿಕ್ ಆಸ್ಪತ್ರೆಯಲ್ಲಿ ನೌಕರರದೇ ಒಂದು ವಾದ್ಯತಂಡವಿತ್ತು. ಅದರ ವಾದನಕ್ಕೆ ರೋಗಿಗಳು ಕುಣಿಯುತ್ತಿದ್ದರು. 1879ರಲ್ಲಿ ಆ ತಂಡವನ್ನು ನಡೆಸಲು ನೇಮಕಗೊಂಡ ತರುಣನಿಗೆ ಆಗಿನ್ನೂ ಇಪ್ಪತ್ತೊಂದು ಇಪ್ಪತ್ತೆರಡರ ಪ್ರಾಯ. ಅವನೇ ಮುಂದೆ ಇಂಗ್ಲೆಂಡಿನ ಮಹಾನ್ ಸಂಗೀತಕಾರನೆನಿಸಿದ ಎಡ್ವರ್ಡ್ ಎಲ್ಗಾರ್. ಹುಚ್ಚಾಸ್ಪತ್ರೆಯ ಕುಣಿತಕ್ಕೆಂದೇ ಅವನು ರಚಿಸಿದ ಪೋಲ್ಕಾಗಳು ಇಂದಿಗೂ ಉಳಿದಿವೆ.

ಅದಕ್ಕೂ ಇಪ್ಪತ್ತು ವರ್ಷ ಮೊದಲು, 1859ರಲ್ಲಿ, ಫ್ಲಾರೆನ್ಸ್ ನೈಟಿಂಗೇಲ್ ಶುಶ್ರೂಷೆ ಕುರಿತ ತಮ್ಮ ಪುಸ್ತಕದಲ್ಲಿ ಸಂಗೀತದ ಪ್ರಸ್ತಾಪ ಮಾಡಿದ್ದರು. ಎಳೆದು ನುಡಿಸುವ ತಂತಿವಾದ್ಯ, ಊದುವ ವಾದ್ಯ ಹಾಗೂ ಮನುಷ್ಯನ ಕಂಠ ರೋಗಿಗೆ ಹಿತ. ಪಿಯಾನೋ ಮಾತ್ರ ಅಹಿತ ಎಂಬುದು ಆಕೆಯ ಅನುಭವ. (ಪಿಯಾನೋ ಪ್ರಿಯರು ಕ್ಷಮಿಸಬೇಕು.) ಆದರೆ ಸಂಗೀತ ದುಬಾರಿಯಾದ್ದರಿಂದ ಎಲ್ಲ ರೋಗಿಗಳಿಗೂ ಅದನ್ನು ಒದಗಿಸುವುದು ಆಗದ ಮಾತು ಎಂದು ಆಕೆ ಕೈಚೆಲ್ಲಿದ್ದರು.

ಈ ಖರ್ಚಿನ ಸಮಸ್ಯೆಗೆ ಲಂಡನ್ನಿನ ಪಾದ್ರಿಯೊಬ್ಬರು ಉಪಾಯ ಹುಡುಕಿದರು. ವೆಸ್ಟ್‌ಮಿನ್ಸ್ಟರ್ ಆಬೆಯ ಫ್ರೆಡರಿಕ್ ಹಾರ್ಫರ್ಡ್ 1891ರಲ್ಲಿ ಸೇಂಟ್ ಸಿಸೀಲಿಯಾ ಹೆಸರಿನ ಸಂಘ ಕಟ್ಟಿ, ಆಸ್ಪತ್ರೆಗಳಲ್ಲಿ ಮೆಲುದನಿಯ ಹಾಡುಗಾರಿಕೆ ಏರ್ಪಡಿಸಿದರು. ಲಂಡನ್ನಿನ ಒಂದೆಡೆ ನುಡಿಸಿದ್ದನ್ನು ಟೆಲಿಫೋನ್ ತಂತಿಯ ಮೂಲಕ ಹಲವು ಆಸ್ಪತ್ರೆಗಳಿಗೆ ಏಕಕಾಲಕ್ಕೆ ತಲುಪಿಸಬೇಕೆಂಬುದು ಅವರ ಕನಸಾಗಿತ್ತು. ರೇಡಿಯೋ ಇನ್ನೂ ಹುಟ್ಟದ ಕಾಲದಲ್ಲಿ ಎಂಥ ಯೋಚನೆ! ಹಣವೂ ಇಲ್ಲ, ಪಾದ್ರಿಯ ಆರೋಗ್ಯವೂ ಸರಿಯಿಲ್ಲ. ಸಂಘ ಬಹುಕಾಲ ಬಾಳಲಿಲ್ಲ.

ಎಲ್ಗಾರನಾಗಲಿ ಹಾರ್ಫರ್ಡ್ ಆಗಲಿ ಕೇಳದೇ ಬಿಟ್ಟ ಪ್ರಶ್ನೆಯೊಂದಿದೆ: ಹಾಸಿಗೆಯಲ್ಲಿರುವ ಈ ವ್ಯಕ್ತಿಗೆ ಯಾವ ಹಾಡು ಇಷ್ಟ? ವೈದ್ಯರು ಗುಳಿಗೆ ಕೊಟ್ಟಂತೆ ಎಲ್ಲರಿಗೂ ಒಂದೇ ಸಂಗೀತ. ಈ ಪ್ರಶ್ನೆ ಕೇಳಲು ಇನ್ನೂ ಸುಮಾರು ನೂರು ವರ್ಷ ಬೇಕಾಯಿತು.

ಅಷ್ಟರಲ್ಲಿ ಕಾಯಿಲೆಗೆ ಹೆಸರು ಬಂತು. 1901ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ಆಸ್ಪತ್ರೆಗೆ ಸೇರಿದ ಆಗಸ್ಟೆ ಎಂಬ 51 ವರ್ಷದ ಹೆಂಗಸಿಗೆ ತನ್ನ ಹೆಸರನ್ನೂ ಸರಿಯಾಗಿ ಬರೆಯಲಾಗುತ್ತಿರಲಿಲ್ಲ. ‘ನನ್ನನ್ನೇ ನಾನು ಕಳೆದುಕೊಂಡಿದ್ದೇನೆ’ ಎಂದು ಆಕೆ ಹೇಳಿದ್ದನ್ನು ಡಾಕ್ಟರ್ ಆಲೋಯಿಸ್ ಆಲ್ಝೈಮರ್ ದಾಖಲಿಸಿದರು. 1906ರಲ್ಲಿ ಆಕೆ ಸತ್ತ ಬಳಿಕ ಮಿದುಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ, ತಾವು ಕಂಡ ವಿಚಿತ್ರ ಗಂಟುಗಳನ್ನು ಅದೇ ವರ್ಷ ನವೆಂಬರಿನ ವೈದ್ಯರ ಸಭೆಯಲ್ಲಿ ವಿವರಿಸಿದರು. ಡಿಮೆನ್ಶಿಯಾ ಎಂದು ಕರೆಯುವ ಮರೆವಿನ ಕಾಯಿಲೆಗಳಲ್ಲಿ ಹೆಚ್ಚಿನ ಪಾಲು ಇದೇ ಆಲ್ಝೈಮರ್.

ಸಂಗೀತ ಚಿಕಿತ್ಸೆ ಒಂದು ವೃತ್ತಿಯಾಗಿ ರೂಪುಗೊಂಡದ್ದಕ್ಕೆ ಎರಡನೆಯ ಮಹಾಯುದ್ಧ ಕಾರಣ. ಗಾಯಗೊಂಡು ಅಮೆರಿಕದ ಆಸ್ಪತ್ರೆಗಳಿಗೆ ಬಂದ ಸೈನಿಕರಿಗಾಗಿ ಹಾಡಲು ಹೋದ ಕಲಾವಿದರಿಗೆ, ಬರೀ ಹಾಡಲು ಬಂದರೆ ಸಾಲದು, ರೋಗವೂ ಗೊತ್ತಿರಬೇಕು ಎಂಬುದು ಅರಿವಾಯಿತು. 1944ರಲ್ಲಿ ಮಿಶಿಗನ್ನಿನಲ್ಲಿ ಪದವಿ ತರಗತಿ ಶುರುವಾಯಿತು. 1950ರಲ್ಲಿ ಅಮೆರಿಕದ ಸಂಗೀತ ಚಿಕಿತ್ಸಕರ ರಾಷ್ಟ್ರೀಯ ಸಂಘ ಹುಟ್ಟಿತು. ಆದರೂ ಮರೆವಿನ ವೃದ್ಧರತ್ತ ಕಣ್ಣು ಹರಿದದ್ದು ತಡವಾಗಿ. ಗುಣವಾಗದ ಕಾಯಿಲೆಗೆ ಶ್ರಮ ಏಕೆ ಎಂಬ ಧೋರಣೆ ಅದಕ್ಕೆ ಅಡ್ಡಿಯಾಗಿದ್ದಿರಬೇಕು.

ಧೋರಣೆಯನ್ನು ಬದಲಿಸಿದವರಲ್ಲಿ ಕಾನ್ಸೆಟ್ಟಾ ಟೊಮೈನೋ ಒಬ್ಬರು. 1970ರ ದಶಕದ ಕೊನೆಯಲ್ಲಿ ಈ ತರುಣಿ ನ್ಯೂಯಾರ್ಕಿನ ವೃದ್ಧಾಲಯವೊಂದಕ್ಕೆ ಹೋದಾಗ ಕಂಡದ್ದು ಒಂದೆಡೆ ಕಿರುಚಾಡುವವರು, ಇನ್ನೊಂದೆಡೆ ಕಣ್ಣು ಮುಚ್ಚಿ ಕುಳಿತವರು. ಅವರ ಯೌವನದ ಕಾಲದ ಪ್ರೇಮಗೀತೆಯೊಂದನ್ನು ಆಕೆ ಹಾಡತೊಡಗಿದರು. ಕಿರುಚಾಟ ನಿಂತಿತು, ತಲೆ ತಗ್ಗಿಸಿದ್ದವರು ಕಣ್ಣೆತ್ತಿದರು, ಕೆಲವರು ದನಿಗೂಡಿಸಿದರು. ಮುಂದೆ ಆಕೆ ಬ್ರಾಂಕ್ಸಿನ ಬೆತ್ ಏಬ್ರಹಾಂ ಆಸ್ಪತ್ರೆ ಸೇರಿದಾಗ, ನರರೋಗ ತಜ್ಞ ಆಲಿವರ್ ಸ್ಯಾಕ್ಸ್ ಅಲ್ಲಿದ್ದರು. ದಶಕಗಟ್ಟಲೆ ಮರಗಟ್ಟಿದಂತಿದ್ದ ರೋಗಿಗಳು ಸಂಗೀತ ಕೇಳಿದೊಡನೆ ಚಲಿಸುವುದನ್ನು ಕಂಡು ಸ್ಯಾಕ್ಸ್ 1973ರಲ್ಲಿಯೇ ‘ಅವೇಕನಿಂಗ್ಸ್’ ಪುಸ್ತಕದಲ್ಲಿ ಬರೆದಿದ್ದರು. ಅವರ ರೋಗಿಗಳಿಗಿದ್ದದ್ದು ಬೇರೆಯೇ ಕಾಯಿಲೆ. ಪ್ರಶ್ನೆ ಮಾತ್ರ ಒಂದೇ.

1991ರಲ್ಲಿ ಈ ಪ್ರಶ್ನೆ ಅಮೆರಿಕದ ಸೆನೆಟ್ ಮೆಟ್ಟಿಲೇರಿತು. ವೃದ್ಧರ ಸಮಸ್ಯೆಗಳ ಸಮಿತಿಯ ಮುಂದೆ ಸ್ಯಾಕ್ಸ್ ಸಾಕ್ಷ್ಯ ನುಡಿದರು. ರಾಕ್ ತಂಡವೊಂದರ ಡ್ರಮ್ ವಾದಕ ಮಿಕಿ ಹಾರ್ಟ್ ಕೂಡ ಸೆನೆಟರುಗಳೆದುರು ತಾಳದ ಮಹಿಮೆ ವಿವರಿಸಿದರು! ಮರುವರ್ಷ ವೃದ್ಧರ ಕಲ್ಯಾಣ ಕಾನೂನಿನ ತಿದ್ದುಪಡಿಯಲ್ಲಿ ಸಂಗೀತ ಚಿಕಿತ್ಸೆಗೂ ಸ್ಥಾನ ದೊರೆಯಿತು.

‘ಯಾವ ಹಾಡು?’ ಎಂಬ ಪ್ರಶ್ನೆಯನ್ನು ನೇರವಾಗಿ ಪರೀಕ್ಷೆಗೆ ಒಡ್ಡಿದವರು ದಾದಿ ವೃತ್ತಿಯಿಂದ ಸಂಶೋಧನೆಗೆ ಬಂದ ಲಿಂಡಾ ಗರ್ಡ್ನರ್. 2000ದಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿದ್ದವರು 39 ರೋಗಿಗಳು. ಮನಸ್ಸಿಗೆ ತಂಪೆನಿಸುವ ಶಾಸ್ತ್ರೀಯ ಸಂಗೀತವನ್ನೂ, ಮನೆಯವರನ್ನು ಕೇಳಿ ತಿಳಿದುಕೊಂಡ ಅವರವರ ಮೆಚ್ಚಿನ ಹಾಡುಗಳನ್ನೂ ಬೇರೆಬೇರೆಯಾಗಿ ಕೇಳಿಸಲಾಯಿತು. ಚಡಪಡಿಕೆ, ಕೂಗಾಟ ಹೆಚ್ಚು ತಗ್ಗಿದ್ದು ಮೆಚ್ಚಿನ ಹಾಡುಗಳಿಂದ. ಶಾಸ್ತ್ರೀಯವೆಂದರೆ ಶ್ರೇಷ್ಠ, ಶ್ರೇಷ್ಠವಾದದ್ದೇ ಔಷಧ ಎಂಬ ನಂಬಿಕೆಗೆ ಇದು ಪೆಟ್ಟು.

ಮತ್ತೊಂದು ಹೆಜ್ಜೆ ಇಂಗ್ಲೆಂಡಿನ ನ್ಯೂಬರಿ ಎಂಬ ಊರಿನದು. 2003ರಲ್ಲಿ ಅಲ್ಲಿ ಶುರುವಾದ ‘ಸಿಂಗಿಂಗ್ ಫಾರ್ ದ ಬ್ರೇನ್’ ಕೂಟದಲ್ಲಿ ರೋಗಿ ಬರೀ ಕೇಳುಗನಲ್ಲ. ಎಲ್ಲರೂ ಸುತ್ತ ಕೂತು ಹಾಡುತ್ತಾರೆ. ನೋಡಿಕೊಳ್ಳುವ ಗಂಡ, ಹೆಂಡತಿ, ಮಗಳು ಕೂಡ ಪಕ್ಕದಲ್ಲಿ ಕೂತು ಹಾಡುತ್ತಾರೆ. ಆರಂಭವೇ ಒಬ್ಬರನ್ನೊಬ್ಬರು ಸ್ವಾಗತಿಸುವ ಹಾಡಿನಿಂದ. ದಿನವಿಡೀ ಊಟ, ಸ್ನಾನ, ಮಾತ್ರೆ ಎಂದು ಗೋಳಾಡಿದ ದಂಪತಿ ಅಷ್ಟು ಹೊತ್ತು ಮತ್ತೆ ದಂಪತಿಯಾಗುತ್ತಾರೆ. ಮುಂದೆ ಬ್ರಿಟನ್ನಿನ ಹಲವೆಡೆ ಇಂಥ ಕೂಟಗಳು ಹರಡಿದವು.

ಇಷ್ಟಕ್ಕೂ ಹಾಡು ಮಿದುಳಿನಲ್ಲಿ ಎಲ್ಲಿ ಅಡಗಿ ಕೂತಿರುತ್ತದೆ? ಜರ್ಮನಿಯ ಲೈಪ್‌ಜಿಗ್ ವಿಜ್ಞಾನಿಗಳು 2015ರಲ್ಲಿ ಒಂದು ಸುಳಿವು ಕೊಟ್ಟರು. ಆರೋಗ್ಯವಂತ ತರುಣರಿಗೆ ಬಹುಕಾಲದ ಪರಿಚಿತ ಹಾಡುಗಳನ್ನು ಕೇಳಿಸಿ, ಆಗ ಮಿದುಳಿನ ಯಾವ ಭಾಗ ಎಚ್ಚರಗೊಳ್ಳುತ್ತದೆಂದು ಗುರುತಿಸಿದರು. ಬಳಿಕ ಆಲ್ಝೈಮರ್ ರೋಗಿಗಳ ಮಿದುಳಿನ ಚಿತ್ರಗಳೊಡನೆ ಹೋಲಿಸಿದರು. ಆ ಭಾಗ ಉಳಿದೆಡೆಗಿಂತ ಕಡಿಮೆ ಸವೆದಿತ್ತು. ಬೆಳಗಿನ ತಿಂಡಿಯ ನೆನಪು ಇರುವ ಜಾಗವೇ ಬೇರೆ, ಹಳೆಯ ಹಾಡಿನ ಜಾಗವೇ ಬೇರೆ. ಕಾಯಿಲೆ ಮೊದಲು ನುಗ್ಗುವುದು ತಿಂಡಿಯ ನೆನಪಿನ ಕೋಣೆಗೆ.

ಹಾಗೆಂದು ಹಾಡಿನಿಂದ ಮರೆವು ವಾಸಿಯಾಗುತ್ತದೆಂದು ಯಾರಾದರೂ ಹೇಳಿದರೆ ನಂಬಬೇಕಿಲ್ಲ. 22 ಪ್ರಯೋಗಗಳನ್ನು ಒಟ್ಟಿಗೆ ತೂಗಿ ನೋಡಿದ 2018ರ ಕಾಕ್ರೇನ್ ವಿಮರ್ಶೆಯ ತೀರ್ಮಾನ ಸ್ಪಷ್ಟವಾಗಿದೆ: ಖಿನ್ನತೆ ತುಸು ಇಳಿಯುತ್ತದೆ, ಜ್ಞಾಪಕಶಕ್ತಿ, ಗ್ರಹಣಶಕ್ತಿಗಳ ಮೇಲಿನ ಪರಿಣಾಮ ಇಲ್ಲವೆನ್ನುವಷ್ಟು ಕಡಿಮೆ. ಅಮೆರಿಕದ 54 ನರ್ಸಿಂಗ್ ಹೋಂಗಳಲ್ಲಿ ಮೆಚ್ಚಿನ ಹಾಡು ತುಂಬಿದ ಪುಟ್ಟ ಸಾಧನಗಳನ್ನು ಬಳಸಿ ನಡೆಸಿದ ಪ್ರಯೋಗದ ಫಲಿತಾಂಶ 2022ರಲ್ಲಿ ಪ್ರಕಟವಾದಾಗ, ಚಡಪಡಿಕೆ ತಗ್ಗಿತೆಂದು ಖಚಿತವಾಗಿ ಹೇಳಲಾಗಲಿಲ್ಲ. ಯಂತ್ರ ಸಿಕ್ಕಿಸಿ ಹೋಗುವುದಕ್ಕೂ ಪಕ್ಕದಲ್ಲಿ ಕೂತು ಹಾಡುವುದಕ್ಕೂ ವ್ಯತ್ಯಾಸವಿದೆ. ಕೆಲವು ಹಾಡು ಹಳೆಯ ಸಾವನ್ನು ನೆನಪಿಗೆ ತಂದು ಅಳಿಸುವುದೂ ಉಂಟು.

ಭಾರತದಲ್ಲಿ 60 ದಾಟಿದವರ ಪೈಕಿ ಸುಮಾರು 88 ಲಕ್ಷ ಮಂದಿಗೆ ಡಿಮೆನ್ಶಿಯಾ ಇದೆ ಎಂಬುದು 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಂದಾಜು. ಇವರಲ್ಲಿ ಹೆಚ್ಚಿನವರನ್ನು ನೋಡಿಕೊಳ್ಳುವುದು ಆಸ್ಪತ್ರೆಯಲ್ಲ, ಮನೆಯ ಹೆಂಗಸರು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಸಂಗೀತಕ್ಕೂ ಮಿದುಳಿಗೂ ಇರುವ ನಂಟನ್ನು ಅಧ್ಯಯನ ಮಾಡುವ ಪ್ರಯೋಗಾಲಯವಿದೆ. ಆದರೆ ‘ಯಾವ ಹಾಡು?’ ಎಂಬ ಪ್ರಶ್ನೆಗೆ ಉತ್ತರ ಸಿಗಬೇಕಾದದ್ದು ಅಡುಗೆಮನೆ, ಜಗಲಿಗಳಲ್ಲಿ. ರಾಗಿ ಬೀಸುತ್ತಾ ಪದ ಹೇಳಿದ ಅಜ್ಜಿಗೆ ಹಾಡೆಂದರೆ ಕೈಯ ಚಲನೆಯೂ ಹೌದು. ಮದುವೆ ಮನೆಗಳಲ್ಲಿ ಸೋಬಾನೆ ಹಾಡಿದವರಿಗೆ, ಶನಿವಾರದ ಭಜನೆಗೆ ತಾಳ ಹಾಕಿದವರಿಗೆ, ರೇಡಿಯೋದಲ್ಲಿ ಪಿ. ಕಾಳಿಂಗರಾಯರ ಕಂಠಕ್ಕೆ ಕಾದು ಕೂತವರಿಗೆ ಬೇಕಾದದ್ದು ಬೇರೆಬೇರೆ ಹಾಡು. ಅಜ್ಜಿಗೆ ಇಷ್ಟವಾದ ಹಾಡು ಯಾವುದೆಂದು ಕೇಳಿದರೆ ಎಷ್ಟು ಮನೆಗಳಲ್ಲಿ ಉತ್ತರ ಸಿಕ್ಕೀತು?

ಪಟ್ಟಿ ಬೇಕೆನಿಸುವ ಹೊತ್ತಿಗೆ ಅದನ್ನು ಹೇಳಬೇಕಾದವರ ಮಾತೇ ನಿಂತಿರುತ್ತದೆ. ಆಗ ಉಳಿಯುವುದು ಲೆಕ್ಕಾಚಾರದ ದಾರಿ. ಹುಟ್ಟಿದ ವರ್ಷಕ್ಕೆ ಹದಿನೈದು, ಇಪ್ಪತ್ತು, ಇಪ್ಪತ್ತೈದು ಕೂಡಿಸಿ, ಆ ಕಾಲದಲ್ಲಿ ಆ ಊರಿನಲ್ಲಿ ಕೇಳಿಬರುತ್ತಿದ್ದ ಹಾಡುಗಳನ್ನು ಒಂದೊಂದಾಗಿ, ಟಿ.ವಿ. ಆರಿಸಿ, ಮೆಲುದನಿಯಲ್ಲಿ ಹಾಡಿ ನೋಡುವುದು. ಮುಖ ಸಿಂಡರಿಸಿದರೆ ನಿಲ್ಲಿಸುವುದು. ಮುಖದಲ್ಲಿ ಏನೂ ಕಾಣದಿದ್ದರೆ ಕೆಳಗೆ ಪಾದದ ಕಡೆ ನೋಡುವುದು. ತಾಳ ಮೊದಲು ಹಿಡಿಯುವುದು ಎಷ್ಟೋ ಸಲ ಕಾಲ್ಬೆರಳು.