ದೀಕ್ಷಾಸ್ನಾನದ ದಾಖಲೆ ಮತ್ತು ಜಾತಿ ಪ್ರಮಾಣಪತ್ರ: ಬೀದರ ಸೀಮೆಯ ದಲಿತ ಕ್ರೈಸ್ತರು

ಬೀದರ ನಗರ, ಭಾಲ್ಕಿ, ಔರಾದ್ ಈ ಮೂರೂ 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದು, 1956ರಲ್ಲಿ ಮೈಸೂರು ರಾಜ್ಯವನ್ನು ಸೇರಿದವು. ಸಮಾನತೆಯ ಮಾತು ಈ ನೆಲಕ್ಕೆ ಹೊಸದಲ್ಲ. 12ನೆಯ ಶತಮಾನದಲ್ಲಿ ಕಲ್ಯಾಣದ ಶರಣರು ಹುಟ್ಟಿನ ಮೇಲುಕೀಳನ್ನು ಪ್ರಶ್ನಿಸಿದರು. ಕಳೆದ ಶತಮಾನದಲ್ಲಿ ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಅಸ್ಪೃಶ್ಯತೆಯ ವಿರುದ್ಧ ನಿಂತರು. 19ನೆಯ ಶತಮಾನದ ಕೊನೆಯಲ್ಲಿ ಮೆಥೋಡಿಸ್ಟ್ ಮಿಷನ್ ಇಲ್ಲಿಗೆ ಬಂದಾಗ ಸುವಾರ್ತೆಗೆ ಹೆಚ್ಚಾಗಿ ಓಗೊಟ್ಟವರು ಮಾದಿಗ ಹಾಗೂ ಹೊಲೆಯ ಕೇರಿಗಳ ಜನರು. ಅವರು ಕುಟುಂಬ ಕುಟುಂಬಗಳಾಗಿ ಬಂದರು. ದೀಕ್ಷಾಸ್ನಾನದಿಂದ ಹೆಸರು ಬದಲಾಯಿತು; ಕೇರಿ ಬದಲಾಗಲಿಲ್ಲ, ಊರಿನವರ ನೋಟವೂ ಬದಲಾಗಲಿಲ್ಲ.

1950ರಲ್ಲಿ ಜಾರಿಗೆ ಬಂದ ಸಂವಿಧಾನದ 17ನೆಯ ವಿಧಿಯು ಅಸ್ಪೃಶ್ಯತೆಯನ್ನು ಯಾವ ರೂಪದಲ್ಲಿಯೂ ಆಚರಿಸಬಾರದೆಂದಿತು. ನೊಂದವನ ಮತವನ್ನು ಅದು ಕೇಳಲಿಲ್ಲ. ಆದರೆ ಅದೇ ವರ್ಷ ಆಗಸ್ಟ್ 10ರಂದು ರಾಷ್ಟ್ರಪತಿಗಳು ಹೊರಡಿಸಿದ ಪರಿಶಿಷ್ಟ ಜಾತಿಗಳ ಆದೇಶದ 3ನೆಯ ಕಂಡಿಕೆಯು ಮತವನ್ನು ಕೇಳಿತು. ಅದು 1956ರಲ್ಲಿ ಸಿಖ್ಖರಿಗೂ 1990ರಲ್ಲಿ ಬೌದ್ಧರಿಗೂ ಬಾಗಿಲು ತೆರೆಯಿತು. ಕ್ರೈಸ್ತರು ಮತ್ತು ಮುಸಲ್ಮಾನರು ಹೊರಗುಳಿದರು. ಪರಿಣಾಮವನ್ನು ಹೀಗೆ ಊಹಿಸಬಹುದು. ಒಂದೇ ಕೇರಿಯ ಅಣ್ಣತಮ್ಮಂದಿರಿಗೆ ಒಂದೇ ಬಾವಿಯ ಬಳಿ ಅವಮಾನವಾದರೆ, ದೌರ್ಜನ್ಯ ತಡೆಯುವ 1989ರ ಕಾಯಿದೆಯ ರಕ್ಷಣೆ ಹಿಂದುವಾಗಿ ಉಳಿದವನಿಗೆ ಉಂಟು, ಕ್ರೈಸ್ತನಾದವನಿಗೆ ಇಲ್ಲ. ಔರಾದ್ ಮೀಸಲು ಕ್ಷೇತ್ರದಲ್ಲಿ ಮೊದಲನೆಯವನು ಅಭ್ಯರ್ಥಿಯಾಗಬಹುದು, ಎರಡನೆಯವನು ಆಗಲಾರನು. ಕರ್ನಾಟಕವು ಇಂಥ ಕ್ರೈಸ್ತರನ್ನು ಹಿಂದುಳಿದ ವರ್ಗಗಳ ಪ್ರವರ್ಗ 1ರಲ್ಲಿ ಸೇರಿಸಿದೆಯಾದರೂ ಅದು ಈ ರಕ್ಷಣೆಗೆ ಸಾಟಿಯಲ್ಲ. ಸಭೆಯ ದಾಖಲೆಯಲ್ಲಿ ಒಂದು ಹೆಸರು, ಶಾಲೆಯ ದಾಖಲೆಯಲ್ಲಿ ಇನ್ನೊಂದು ಹೆಸರು ಇರುವುದೇಕೆಂದು ಸಭಾಪಾಲಕರಿಗೆ ವಿವರಿಸಬೇಕಾಗಿಲ್ಲ.

ಈ ಆದೇಶವನ್ನು ಪ್ರಶ್ನಿಸಿದವರಲ್ಲಿ ಮದ್ರಾಸಿನ ರಸ್ತೆಬದಿಯಲ್ಲಿ ಚಪ್ಪಲಿ ಹೊಲಿಯುತ್ತಿದ್ದ ಸೂಸೈ ಎಂಬ ಕ್ರೈಸ್ತರು ಒಬ್ಬರು. ಇತರ ಚಮ್ಮಾರರಿಗೆ ಸರಕಾರ ಉಚಿತವಾಗಿ ಕೊಟ್ಟ ಪೆಟ್ಟಿಗೆ ಅಂಗಡಿ ಅವರಿಗೆ ದೊರೆಯಲಿಲ್ಲ. 1985ರಲ್ಲಿ ಸುಪ್ರೀಂ ಕೋರ್ಟ್ ಅವರ ಮನವಿಯನ್ನು ತಳ್ಳಿಹಾಕಿತು. ಮತಾಂತರದ ಬಳಿಕವೂ ಜಾತಿ ಉಳಿದಿದೆಯೆಂದರೆ ಸಾಲದು. ಅದರ ಬಾಧೆಯು ಕ್ರೈಸ್ತ ಸಮುದಾಯದೊಳಗೂ ಅಷ್ಟೇ ತೀವ್ರವಾಗಿದೆಯೆಂದು ತೋರಿಸಬೇಕು ಎಂಬುದು ಅದರ ನಿಲುವು.

ಈ ತೀರ್ಪನ್ನು ನಾವು ನಮ್ಮ ಕಡೆಗೆ ತಿರುಗಿಸಿ ಓದಬೇಕು. ನ್ಯಾಯಾಲಯ ಕೇಳಿದ ಸಾಕ್ಷ್ಯ ಸರಕಾರದ ಕಡತಗಳಲ್ಲಿ ಇರಲಿಲ್ಲ. ಸಭೆಯ ಬಳಿ ಇತ್ತು. ಕುಲ ನೋಡಿ ಕೂಡಿಸಿದ ಮದುವೆಗಳು, ಬೇರ್ಪಟ್ಟ ಸಮಾಧಿಸ್ಥಳಗಳು, ಸಭಾ ಚುನಾವಣೆಯಲ್ಲಿ ಪಿಸುಗುಟ್ಟುವ ಜಾತಿಯ ಲೆಕ್ಕ, ಇವೆಲ್ಲ ಭಾರತದ ಸಭೆಗಳಲ್ಲಿ ಕಂಡುಬಂದಿವೆ. ಕ್ರಿಸ್ತನಲ್ಲಿ ಭೇದವಿಲ್ಲವೆಂಬ ಗಲಾತ್ಯ ಪತ್ರಿಕೆಯ ಬೋಧನೆಯನ್ನು ನಾವು ಈಗಾಗಲೇ ನೆರವೇರಿದ ಸಂಗತಿಯೆಂಬಂತೆ ಸಾರಿದೆವು. ಅದು ನಮಗೆ ಕೊಟ್ಟ ಆಜ್ಞೆಯೂ ಹೌದೆಂಬುದನ್ನು ಮರೆತೆವು. ಆ ಮೌನದ ಬೆಲೆಯನ್ನು ಬಡವರು ತೆತ್ತರು.

ಭಾರತವು 1968ರಲ್ಲಿ ಒಪ್ಪಿಕೊಂಡ ಜನಾಂಗೀಯ ತಾರತಮ್ಯ ನಿರ್ಮೂಲನ ಒಡಂಬಡಿಕೆಯು ವಂಶಮೂಲದ ಭೇದವನ್ನೂ ನಿಷೇಧಿಸುತ್ತದೆ. ಆ ಮಾತು ಜಾತಿಯನ್ನೂ ಒಳಗೊಳ್ಳುತ್ತದೆಂದು ವಿಶ್ವಸಂಸ್ಥೆಯ ಸಂಬಂಧಿತ ಸಮಿತಿಯು 2002ರಲ್ಲಿ ಸ್ಪಷ್ಟಪಡಿಸಿತು. ಮತದ ಷರತ್ತನ್ನು ತೆಗೆಯಬೇಕೆಂದು ರಂಗನಾಥ ಮಿಶ್ರ ಆಯೋಗವು 2007ರಲ್ಲಿ ಶಿಫಾರಸು ಮಾಡಿತು. 2022ರಲ್ಲಿ ಕೆ.ಜಿ. ಬಾಲಕೃಷ್ಣನ್ ಅವರ ಆಯೋಗವು ಇದೇ ವಿಷಯದ ವಿಚಾರಣೆಗೆ ನೇಮಕವಾಯಿತು.

ಇಂಥ ವಿಚಾರಣೆಯ ಮುಂದೆ ನಿಲ್ಲುವ ಸಭೆಯು ಹಕ್ಕನ್ನು ಬೇಡುವುದಕ್ಕೆ ಮೊದಲು ತಪ್ಪನ್ನು ಒಪ್ಪಿಕೊಳ್ಳಬೇಕು. ಬೀದರ, ಭಾಲ್ಕಿ, ಔರಾದ್‌ಗಳ ಸಭೆಗಳಲ್ಲಿ ಸೇವೆಗೆ ನಿಲ್ಲುವ ನಮ್ಮ ವಿದ್ಯಾರ್ಥಿಗಳು ಮೊದಲು ದೀಕ್ಷಾಸ್ನಾನದ ದಾಖಲೆಯನ್ನೂ ಸಮಾಧಿಯ ದಾಖಲೆಯನ್ನೂ ಎದುರುಬದುರಿಟ್ಟು ಓದಲಿ. ಹಿರಿಯರ ನೆನಪುಗಳನ್ನು ಅವರವರ ಮಾತಿನಲ್ಲಿಯೇ ಬರೆದಿಡಲಿ. ಪಾಪನಿವೇದನೆ ಮತ್ತು ಸಾಕ್ಷ್ಯ ಇಲ್ಲಿ ಒಂದೇ ಕಾರ್ಯವಾಗುತ್ತವೆ.