ಮುಂಗೈ ತಿರುಗುವ ಬಗೆ: ತಿರುಗಣಿ ಕೀಲಿನ ಕುರಿತು ಟಿಪ್ಪಣಿ

ದೇಹದ ಕೀಲುಗಳನ್ನು ಪಠ್ಯಪುಸ್ತಕಗಳು ಆಕಾರ ನೋಡಿ ವಿಂಗಡಿಸುತ್ತವೆ. ಮೊಣಕೈ ಮಡಿಚುವುದು ಬಿಜಾಗರಿ ಕೀಲಿನಲ್ಲಿ. ಭುಜದ್ದು ಚೆಂಡು-ಕುಳಿ ಕೀಲು. ಕತ್ತಿನ ಮೊದಲೆರಡು ಕಶೇರುಗಳ ನಡುವಿನದು ತಿರುಗಣಿ. ಮುಂಗೈಯನ್ನೂ ತಿರುಗಣಿಯ ಪಟ್ಟಿಗೆ ಸೇರಿಸಿ ಮುಂದೆ ಸಾಗುವುದು ವಾಡಿಕೆ. ಆದರೆ ಅಂಗೈಯನ್ನು ಅಂಗಾತ ಮಾಡುವ, ಬೋರಲು ಹಾಕುವ ಚಲನೆ ಒಂದೇ ಕೀಲಿನದಲ್ಲ.

ಮುಂಗೈಯಲ್ಲಿ ಎರಡು ಮೂಳೆಗಳಿವೆ. ಕಿರುಬೆರಳಿನ ಕಡೆಯ ಅಲ್ನಾ ಹೆಚ್ಚುಕಡಿಮೆ ನಿಂತಲ್ಲೇ ನಿಲ್ಲುತ್ತದೆ. ಹೆಬ್ಬೆರಳಿನ ಕಡೆಯ ರೇಡಿಯಸ್ ಅದರ ಸುತ್ತ ತಿರುಗುತ್ತದೆ. ಮೇಲ್ತುದಿಯಲ್ಲಿ ರೇಡಿಯಸ್ಸಿನ ದುಂಡು ತಲೆ ಉಂಗುರದಂಥ ಅಸ್ಥಿರಜ್ಜುವಿನೊಳಗೆ ಇದ್ದಲ್ಲೇ ಹೊರಳುತ್ತದೆ. ಮಣಿಕಟ್ಟಿನ ಬಳಿ ಅದೇ ಮೂಳೆ ಅಲ್ನಾದ ತುದಿಯನ್ನು ಬಳಸಿ ಅರ್ಧ ಸುತ್ತು ಹಾಕುತ್ತದೆ. ಅಂಗಾತವಾಗಿದ್ದಾಗ ಎರಡು ಮೂಳೆಗಳೂ ಸಮಾಂತರ. ಬೋರಲಾದಾಗ ರೇಡಿಯಸ್ ಅಲ್ನಾದ ಮೇಲೆ ಅಡ್ಡ ಬಂದಿರುತ್ತದೆ. ಹಾಗೆ ದಾಟಲು ಎಡೆ ಕೊಡುವುದು ರೇಡಿಯಸ್ಸಿನ ಸಹಜ ಬಾಗು. ಮುರಿದ ಮೂಳೆ ಆ ಬಾಗು ಕಳೆದುಕೊಂಡು ಕೂಡಿಕೊಂಡರೆ, ಎರಡೂ ಕೀಲುಗಳು ಸುಸ್ಥಿತಿಯಲ್ಲಿದ್ದರೂ ಕೈ ಪೂರ್ತಿ ತಿರುಗದು. ವಯಸ್ಕರಲ್ಲಿ ಎರಡೂ ಮೂಳೆ ಮುರಿದಾಗ ಸಾಮಾನ್ಯವಾಗಿ ಪ್ಲೇಟು, ಸ್ಕ್ರೂ ಹಾಕಿ ಕರಾರುವಾಕ್ಕಾಗಿ ಕೂಡಿಸುವುದು ಇದಕ್ಕಾಗಿಯೇ. ಇಡೀ ಮುಂಗೈಯನ್ನೇ ಒಂದು ಕೀಲೆಂದು ಎಣಿಸುವುದು ಹೆಚ್ಚು ಸರಿ ಎಂಬುದು ನನ್ನ ನಿಲುವು.

ಅಳತೆಯಲ್ಲಿ ಒಂದು ಎಚ್ಚರ ಬೇಕು. ಮೊಣಕೈಯನ್ನು 90 ಡಿಗ್ರಿಗೆ ಮಡಿಸಿ, ಪಕ್ಕೆಗೆ ಒತ್ತಿ ಹಿಡಿದು ಅಂಗೈ ತಿರುಗಿಸಿ ನೋಡಬೇಕು. ಆಗ ಎರಡೂ ಕಡೆಗೆ ಸುಮಾರು 80 ಡಿಗ್ರಿ ಸಿಗುತ್ತದೆ. ತೋಳು ನೀಟಾಗಿ ಚಾಚಿದ್ದರೆ ಭುಜವೂ ಜೊತೆಗೆ ತಿರುಗಿ, ಮುಂಗೈಯ ಕೊರತೆ ಮರೆಯಾಗುತ್ತದೆ. ಮೋರೆ ಮತ್ತು ಸಂಗಡಿಗರು 1981ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ದಿನನಿತ್ಯದ ಬಹುತೇಕ ಕೆಲಸಗಳಿಗೆ ಎರಡೂ ಕಡೆಗೆ 50 ಡಿಗ್ರಿ ಇದ್ದರೆ ಸಾಕು.

ಆದರೆ ಈ ಎರಡು ಐವತ್ತುಗಳ ತೂಕ ಒಂದೇ ಅಲ್ಲ. ಕೈ ಬೋರಲಾಗದವರು ಮೊಣಕೈಯನ್ನು ಪಕ್ಕೆಯಿಂದ ದೂರಕ್ಕೆ ಎತ್ತಿ, ಭುಜದ ನೆರವಿನಿಂದ ಬರೆಯಬಲ್ಲರು, ಕೀಲಿಮಣೆ ಒತ್ತಬಲ್ಲರು. ಅಂಗಾತವಾಗದ ಕೈಗೆ ಭುಜದಿಂದ ಅಷ್ಟು ಸಹಾಯ ಸಿಗದು. ದೇವಸ್ಥಾನದಲ್ಲಿ ಬಲಗೈ ಒಡ್ಡಿ ತೀರ್ಥ ತೆಗೆದುಕೊಳ್ಳುವಾಗ, ಅಂಗಡಿಯಲ್ಲಿ ಚಿಲ್ಲರೆ ಪಡೆಯುವಾಗ, ಬೊಗಸೆಯಲ್ಲಿ ನೀರು ಹಿಡಿದು ಮುಖ ತೊಳೆಯುವಾಗ ತೊಂದರೆ ಎದ್ದು ಕಾಣುತ್ತದೆ. ಕೈಯಲ್ಲೇ ಉಣ್ಣುವ ನಮ್ಮಂಥವರಿಗೆ ತುತ್ತು ಬಾಯಿಗೆ ತಲುಪಬೇಕಾದರೂ ಅಂಗೈ ಮುಖದತ್ತ ಹೊರಳಲೇಬೇಕು.

ಅಂಗಾತ ತಿರುಗಿಸುವ ಬಲದಲ್ಲಿ ದೊಡ್ಡ ಪಾಲು ರಟ್ಟೆಯ ಬೈಸೆಪ್ಸ್ ಸ್ನಾಯುವಿನದು. ಅದರ ಕಂಡರ ರೇಡಿಯಸ್ಸಿಗೆ ಅಂಟಿಕೊಂಡಿದೆ. ಕೈ ಬೋರಲಾದಾಗ ಆ ಕಂಡರ ಮೂಳೆಗೆ ಸುತ್ತಿಕೊಳ್ಳುತ್ತದೆ. ಸ್ನಾಯು ಬಿಗಿದಾಗ ಸುತ್ತು ಬಿಚ್ಚಿ ಮೂಳೆ ಹೊರಳುತ್ತದೆ. ಮೊಣಕೈ ಮಡಿಸಿದಾಗಲೇ ಈ ಬಲ ಚೆನ್ನಾಗಿ ಒದಗುವುದರಿಂದ ಬಿಗಿಯಾದ ಸ್ಕ್ರೂ ತಿರುಗಿಸುವವರು ತಾವಾಗಿಯೇ ಕೈ ಮಡಿಸಿಕೊಳ್ಳುತ್ತಾರೆ.

ಕೆಲವು ಮಕ್ಕಳಲ್ಲಿ ಈ ಎರಡು ಮೂಳೆಗಳು ಹುಟ್ಟಿನಿಂದಲೇ ಮೇಲ್ತುದಿಯಲ್ಲಿ ಬೆಸೆದಿರುತ್ತವೆ. ನೋವಿರುವುದಿಲ್ಲ, ಭುಜ ಮತ್ತು ಮಣಿಕಟ್ಟು ಕೊರತೆ ತುಂಬುವುದರಿಂದ ಎಷ್ಟೋ ಮನೆಗಳಲ್ಲಿ ಮಗು ಶಾಲೆಗೆ ಸೇರುವವರೆಗೂ ಇದು ಗೊತ್ತಾಗುವುದಿಲ್ಲ. ಆದ್ದರಿಂದ ಮಗುವಿನ ಕೈ ಪರೀಕ್ಷಿಸುವವರು ಬರೆಯಲು ಬರುತ್ತದೆಯೇ ಎಂದಷ್ಟೇ ಕೇಳದೆ, ಮೊಣಕೈ ಪಕ್ಕೆಗೆ ಒತ್ತಿಸಿ ಅಂಗೈ ಒಡ್ಡಲು ಹೇಳಬೇಕು.