ಸ್ವಿಸ್ ಪೌರತ್ವ ಸಿಗದ ಸ್ವಿಸ್ ಕಲಾವಿದ

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸಂಚಿಕೆಗೆ ನಾನು ಕಂಪ್ಯೂಟರ್ ಬಗ್ಗೆ ಬರೆಯುತ್ತೇನೆಂದು ಗುರುಗಳು ಎಣಿಸಿರಬಹುದು. ಆದರೆ ಬರೆಯಬೇಕೆನಿಸಿದ್ದು ಒಬ್ಬ ಮೇಷ್ಟ್ರ ಮಗನ ಬಗ್ಗೆ. ಅವರೇ ಚಿತ್ರಕಲಾವಿದ ಪಾಲ್ ಕ್ಲೇ. ಬಿ.ಇ. ಮುಗಿಸಿ ಕೆಲಸಕ್ಕೆ ಸೇರಿದ ಮೇಲೆ ಕಂಪನಿಯವರು ಕೆಲಕಾಲ ಸ್ವಿಟ್ಜರ್ಲೆಂಡಿಗೆ ಕಳಿಸಿದ್ದರು. ಒಂದು ಭಾನುವಾರ ಬರ್ನ್ ನಗರದ ಕಲಾ ಸಂಗ್ರಹಾಲಯಕ್ಕೆ ಹೋದಾಗ ಅವರ ಚಿತ್ರ ಕಂಡೆ.

ಕ್ಲೇ ಹುಟ್ಟಿದ್ದು 1879ರಲ್ಲಿ, ಬರ್ನ್ ಪಕ್ಕದ ಹಳ್ಳಿಯಲ್ಲಿ. ತಂದೆ ಶಿಕ್ಷಕರ ತರಬೇತಿ ಶಾಲೆಯಲ್ಲಿ ಸಂಗೀತದ ಮೇಷ್ಟ್ರು. ಮಗನಿಗೆ ಪಿಟೀಲು ಚೆನ್ನಾಗಿ ಒಲಿದಿತ್ತು. ಆದರೆ ಶಾಲೆಯ ಪುಸ್ತಕಗಳ ಅಂಚಿನಲ್ಲೆಲ್ಲ ವ್ಯಂಗ್ಯಚಿತ್ರ. (ನನ್ನ ಗಣಿತದ ನೋಟ್‌ಬುಕ್ಕನ್ನು ಕಂಡವರು ಇಲ್ಲಿ ನಗಬಹುದು.)

1921ರಿಂದ ಹತ್ತು ವರ್ಷ ಅವರು ಜರ್ಮನಿಯ ಬೌಹೌಸ್ ಶಾಲೆಯಲ್ಲಿ ಪಾಠ ಹೇಳಿದರು. ನೇಯ್ಗೆ, ಮರಗೆಲಸ, ಚಿತ್ರಕಲೆ ಎಲ್ಲವನ್ನೂ ಒಂದೇ ಸೂರಿನಡಿ ಕಲಿಸುತ್ತಿದ್ದ ಆ ಶಾಲೆಯೇ ಒಂದು ಕಲಾ ಚಳವಳಿಯಾಗಿ ಬೆಳೆಯಿತು. 1922ರಲ್ಲಿ ಕಲ್ಕತ್ತೆಯಲ್ಲಿ ನಡೆದ ಬೌಹೌಸ್ ಪ್ರದರ್ಶನಕ್ಕೆ ಕ್ಲೇ ಅವರ ಚಿತ್ರಗಳೂ ಬಂದಿದ್ದವು!

ನಾನು ಬರ್ನ್‌ನಲ್ಲಿ ನೋಡಿದ್ದು 1932ರ 'ಆದ್ ಪರ್ನಾಸುಮ್'. ಹತ್ತಿರ ಹೋದರೆ ಬರೀ ಬಣ್ಣದ ಚುಕ್ಕೆಗಳು, ಸಾಲುಸಾಲಾಗಿ. ನಾಲ್ಕು ಹೆಜ್ಜೆ ಹಿಂದೆ ಸರಿದರೆ ಒಂದು ಬೆಟ್ಟ, ಮೇಲೆ ಕಿತ್ತಳೆ ಬಣ್ಣದ ಸೂರ್ಯ. ದಿನವಿಡೀ ಪಿಕ್ಸೆಲ್ ನೋಡುವ ನನಗೆ ಅಲ್ಲಿಂದ ಕಾಲು ಕೀಳಲಾಗಲಿಲ್ಲ.

ಮರುವರ್ಷವೇ ಹಿಟ್ಲರ್ ಅಧಿಕಾರಕ್ಕೆ ಬಂದ. ಆಗ ಡ್ಯೂಸೆಲ್‌ಡಾರ್ಫ್‌ನಲ್ಲಿ ಪ್ರಾಧ್ಯಾಪಕರಾಗಿದ್ದ ಕ್ಲೇ ಅವರನ್ನು ಕೆಲಸದಿಂದ ತೆಗೆದರು. 1937ರಲ್ಲಿ ಮ್ಯೂನಿಕ್‌ನಲ್ಲಿ 'ಕೆಟ್ಟುಹೋದ ಕಲೆ' ಎಂಬ ಪ್ರದರ್ಶನ ಇಟ್ಟು ಜನ ನಗಲೆಂದು ತೂಗುಹಾಕಿದ ಚಿತ್ರಗಳಲ್ಲಿ ಅವರವೂ ಇದ್ದವು.

1933ರ ಕೊನೆಗೇ ಅವರು ಬರ್ನ್‌ಗೆ ಮರಳಿದ್ದರು. ಹುಟ್ಟಿದ್ದು, ಓದಿದ್ದು ಅಲ್ಲೇ, ತಾಯಿಯೂ ಸ್ವಿಸ್. ಆದರೆ ತಂದೆ ಜರ್ಮನ್ ಪ್ರಜೆ, ಹಾಗಾಗಿ ಕಾಗದದ ಪ್ರಕಾರ ಮಗನೂ ಜರ್ಮನ್. ಪೌರತ್ವಕ್ಕೆ ಅರ್ಜಿ ಹಾಕಬೇಕಾದರೂ ವರ್ಷಗಟ್ಟಲೆ ಕಾಯಬೇಕಾಯಿತು. ಅದರ ನಡುವೆ ಚರ್ಮ ಗಟ್ಟಿಯಾಗುತ್ತ ಹೋಗುವ ಕಾಯಿಲೆ. ಆ ಸ್ಥಿತಿಯಲ್ಲೂ 1939 ಒಂದೇ ವರ್ಷದಲ್ಲಿ 1,200ಕ್ಕೂ ಹೆಚ್ಚು ಕೃತಿ ರಚಿಸಿದರು, ಬಹುಪಾಲು ರೇಖಾಚಿತ್ರಗಳು. ಒಂದು ವರ್ಷದ ಪರ್ಮಿಟ್ಟಿಗಾಗಿ ಅದೇ ದೇಶದ ಕಚೇರಿಯಲ್ಲಿ ಸಾಲು ನಿಂತು ಗೊಣಗಿದ್ದ ನನಗೆ ಇದನ್ನು ಓದಿ ನಾಚಿಕೆಯಾಯಿತು.

ಅರ್ಜಿ ತೀರ್ಮಾನವಾಗುವ ಮೊದಲೇ, 1940ರ ಜೂನ್ 29ರಂದು ಕ್ಲೇ ತೀರಿಕೊಂಡರು. 2005ರಲ್ಲಿ ಬರ್ನ್ ನಗರದಲ್ಲಿ ಅವರ ಹೆಸರಿನದೇ ದೊಡ್ಡ ಸಂಗ್ರಹಾಲಯ ತೆರೆಯಿತು. ಸುಮಾರು 4,000 ಕೃತಿಗಳು ಈಗ ಅಲ್ಲಿವೆ.